ಮೊದಲು ಕುರ್ಚಿ, ಆಮೇಲೆ ಕುಂದುವಾಡ ಕೆರೆ

31 ವರ್ಷ ಬಸ್ಸಿನಲ್ಲಿ ನಿಂತೇ ದುಡಿದವನು ನಾನು. ದಾವಣಗೆರೆಯಿಂದ ಬೆಂಗಳೂರು ರೂಟಿನಲ್ಲಿ ಕಂಡಕ್ಟರ್. ನಮಗೆ ಸ್ಟೇಜ್ ಅಂದರೆ ಟಿಕೆಟ್ ದರದ ಲೆಕ್ಕ. ಹಾಗಾಗಿ ಡಾಕ್ಟರು 'ನಿಮ್ಮ ಕಿಡ್ನಿ ಮೂರನೇ ಸ್ಟೇಜ್‌ನಲ್ಲಿದೆ' ಅಂದಾಗ, ಬಾಯಿ ತಪ್ಪಿ 'ಒಟ್ಟು ಎಷ್ಟು ಸ್ಟೇಜ್ ಸಾರ್?' ಅಂತ ಕೇಳಿಬಿಟ್ಟೆ. 'ಐದು' ಅಂದರು. ಅವರೂ ನಗಲಿಲ್ಲ, ನಾನೂ ನಗಲಿಲ್ಲ.

ಅದಾಗಿ ಐದು ವರ್ಷ. ಈಗ ನನಗೆ 69. ನನ್ನ ಹಾಗೆ ಕಿಡ್ನಿ ಕಾಯಿಲೆ ಇರುವ ವಯಸ್ಸಾದವರು ವ್ಯಾಯಾಮ ಹೇಗೆ ಮಾಡಬೇಕು ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಶುಗರ್, ಬಿಪಿ ಎರಡೂ ಹಳೇ ಪಾಸ್ ಇರುವ ಪ್ಯಾಸೆಂಜರ್‌ಗಳು, ಇಳಿಯುವ ಮಾತೇ ಇಲ್ಲ. ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಒಂದು ಅಂಕಿ ಇರುತ್ತದಲ್ಲ, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಹೇಳುವುದು, ಅದು ಆಗ 41 ಇತ್ತು. ಈಗ 28. ಅದು 30ರಿಂದ 59ರವರೆಗೆ ಇದ್ದರೆ ಮೂರನೇ ಸ್ಟೇಜ್, 15ರಿಂದ 29 ಇದ್ದರೆ ನಾಲ್ಕು, 15ರ ಕೆಳಗೆ ಹೋದರೆ ಐದು. ಒಂದು ಸಲದ ರಿಪೋರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ, ಮೂರು ತಿಂಗಳಾದರೂ ಹಾಗೇ ಇರಬೇಕು.

ಕಾಯಿಲೆ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: 'ಇನ್ನು ಸುಮ್ನೆ ರೆಸ್ಟ್ ತಗೊಳ್ಳಿ.' ನಾನೂ ತಗೊಂಡೆ. ನಿಟುವಳ್ಳಿಯ ಮನೆಯ ಜಗುಲಿ, ಪೇಪರ್, ಟಿವಿ, ನಿದ್ದೆ. ಒಂದು ವರ್ಷ ಹೀಗೇ ಹೋಯಿತು. ಆಮೇಲೆ ಒಂದು ಮಂಗಳವಾರ ದುಗ್ಗಮ್ಮನ ಗುಡಿಗೆ ಹೋಗಿದ್ದೆ. ಪ್ರಸಾದ ತಿನ್ನಲು ನೆಲಕ್ಕೆ ಕೂತೆ. ಏಳಲು ಆಗಲಿಲ್ಲ. ಕಂಬವೂ ಕೈಗೆ ಸಿಗುವ ಹಾಗಿರಲಿಲ್ಲ. ಯಾರೋ ಕಾಲೇಜು ಹುಡುಗ ಕಂಕುಳಿಗೆ ಕೈ ಹಾಕಿ, 'ಏಳ್ರಿ ಅಜ್ಜಾರ' ಅಂತ ಎತ್ತಿ ನಿಲ್ಲಿಸಿದ. ರಷ್ ಇರುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಟಿಕೆಟ್ ಹರಿದ ಕಾಲುಗಳು ಇವು. ನನ್ನ ರೆಸ್ಟು ಎಲ್ಲಿಗೆ ತಂದು ಇಳಿಸಿದೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಡಾಕ್ಟರನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಆಮ್ಲ ಜಾಸ್ತಿಯಾಗುತ್ತದೆ, ಅದು ಮಾಂಸಖಂಡವನ್ನು ಕರಗಿಸುತ್ತದೆ. ಹಸಿವು ಕಮ್ಮಿಯಾಗುತ್ತದೆ. ರಕ್ತ ತಯಾರಾಗುವುದೂ ಕಮ್ಮಿಯಾಗಿ ಸುಸ್ತು ಬರುತ್ತದೆ. ಸುಸ್ತು ಅಂತ ಕೂತರೆ ಖಂಡ ಇನ್ನಷ್ಟು ಕರಗುತ್ತದೆ. ವ್ಯಾಯಾಮ ಮಾಡಿದರೆ ಹೋದ ಕಿಡ್ನಿ ವಾಪಸ್ ಬರುವುದಿಲ್ಲ, ಆ ಆಸೆ ಬೇಡ. ಬಿಪಿ, ಶುಗರ್ ಹತೋಟಿಗೆ ಬರಲು ಸಹಾಯ ಆಗುತ್ತದೆ, ಎದ್ದು ಓಡಾಡುವ ಶಕ್ತಿ ಉಳಿಯುತ್ತದೆ. ನನಗೆ ಬೇಕಾಗಿದ್ದೂ ಅಷ್ಟೇ, ಇನ್ನೊಬ್ಬರ ಕೈ ಹಿಡಿಯದೆ ಏಳುವುದು.

ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬನ್ನಿ. ಸುಮ್ನೆ 'ವ್ಯಾಯಾಮ ಮಾಡಬಹುದಾ?' ಅಂತ ಕೇಳಿದರೆ 'ಮಾಡಿ' ಅಂದು ಮುಂದಿನ ಪೇಷಂಟನ್ನು ಕರೆಯುತ್ತಾರೆ. ಬಿಡಿಸಿ ಕೇಳಬೇಕು. ನನ್ನ ಹೃದಯ ತಡೆಯುತ್ತದಾ? ಹಿಮೋಗ್ಲೋಬಿನ್ ಎಷ್ಟಿದೆ? ಪೊಟ್ಯಾಸಿಯಂ ಎಷ್ಟಿದೆ? ಶುಗರ್ ಇದ್ದರೆ ಕಣ್ಣಿನ ಪರದೆ ಹೇಗಿದೆ? ಕಣ್ಣಿನ ಪರದೆಯ ರಕ್ತನಾಳ ಹಾಳಾಗಿ ರಕ್ತ ಸೋರುವ ಹಂತದಲ್ಲಿದ್ದವರು ಉಸಿರು ಬಿಗಿಹಿಡಿದು ಭಾರ ಎತ್ತಬಾರದು, ಬಗ್ಗಿ ತಲೆ ಕೆಳಗೆ ಮಾಡಬಾರದು. ಇದನ್ನು ಕೇಳದೆ ಯಾರೂ ಹೇಳುವುದಿಲ್ಲ.

ಎಲ್ಲರೂ ವ್ಯಾಯಾಮ ಅಂದರೆ ವಾಕಿಂಗ್ ಅನ್ನುತ್ತಾರೆ. ನನ್ನ ಮಾತು ಕೇಳಿ, ವಾಕಿಂಗಿನಿಂದ ಶುರು ಮಾಡಬೇಡಿ. ಕುರ್ಚಿಯಿಂದ ಶುರು ಮಾಡಿ. ತೊಡೆಯಲ್ಲಿ ಬಲ ಇಲ್ಲದವನು ಕೆರೆ ಏರಿಗೆ ಹೋದರೆ ಅರ್ಧ ದಾರಿಯಲ್ಲಿ ಕೂರುತ್ತಾನೆ, ಕೂತಲ್ಲಿಂದ ಏಳುವುದಿಲ್ಲ.

ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಜಾರುತ್ತದೆ. ಮರದ್ದೋ ಕಬ್ಬಿಣದ್ದೋ ಗಟ್ಟಿ ಕುರ್ಚಿ ತಗೊಂಡು ಅದರ ಬೆನ್ನನ್ನು ಗೋಡೆಗೆ ಒತ್ತಿಸಿ ಇಡಿ. ಕಾಲುಚೀಲ ಹಾಕಿದ್ದರೆ ತೆಗೆಯಿರಿ, ನೆಲ ಒದ್ದೆ ಇರಬಾರದು. ಕುರ್ಚಿಯ ಮುಂಭಾಗಕ್ಕೆ ಸರಿದು ಕೂರಿ. ಪಾದ ಎರಡೂ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಇರಲಿ. ಈಗ ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಏಳಿ. ಬಾಗದೆ ಏಳಲು ಹೋಗುವುದೇ ಎಲ್ಲರೂ ಮಾಡುವ ತಪ್ಪು. ಪೂರ್ತಿ ನೆಟ್ಟಗೆ ನಿಂತು, ಮತ್ತೆ ಕೂರುವಾಗ ನಿಧಾನ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ತಗೊಳ್ಳಿ. ಧೊಪ್ ಅಂತ ಬೀಳಬಾರದು. ಕಿಡ್ನಿ ಕಾಯಿಲೆಯಲ್ಲಿ ಮೂಳೆಯೂ ಟೊಳ್ಳಾಗಿರಬಹುದು, ಬೆನ್ನುಮೂಳೆಗೆ ಆ ಪೆಟ್ಟು ಒಳ್ಳೆಯದಲ್ಲ. ಕೈ ಊರದೆ ಏಳಲು ಆಗದಿದ್ದರೆ ಊರಿ, ನಾಚಿಕೆ ಏನಿಲ್ಲ. ಅದೂ ಆಗದಿದ್ದರೆ ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಬಲ ಬಂದ ಹಾಗೆ ದಿಂಬು ತೆಗೆದರಾಯಿತು.

ಏಳುವಾಗ ಉಸಿರು ಕಟ್ಟಬಾರದು, ಕಟ್ಟಿದರೆ ಬಿಪಿ ಒಮ್ಮೆಲೇ ಏರುತ್ತದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ ಪ್ರತಿ ಸಲ ಏಳುವಾಗಲೂ ಒಂದೊಂದು ಊರಿನ ಹೆಸರು ಕೂಗುವುದು. ಮೊದಲನೇ ಸಲಕ್ಕೆ 'ಆನಗೋಡು'. ಎರಡನೇದು 'ಭರಮಸಾಗರ'. ಮೂರನೇದು 'ದುರ್ಗ'. ಆಮೇಲೆ ಹಿರಿಯೂರು, ಸಿರಾ, ತುಮಕೂರು, ಡಾಬಸ್‌ಪೇಟೆ, ನೆಲಮಂಗಲ, ಬೆಂಗಳೂರು. ಬಾಯಿ ಕೂಗುತ್ತಿದ್ದರೆ ಉಸಿರು ಕಟ್ಟಲು ಆಗುವುದೇ ಇಲ್ಲ, ಅಲ್ವಾ? ಪಕ್ಕದ ಮನೆಯವರು ಮೊದಮೊದಲು ನನ್ನ ಹೆಂಡತಿಯನ್ನು 'ಯಜಮಾನರು ಹುಷಾರಾಗಿದ್ದಾರಾ?' ಅಂತ ಕೇಳಿದ್ದುಂಟು.

ಮೊದಲ ವಾರ ನನ್ನ ಬಸ್ಸು ದುರ್ಗ ದಾಟಲಿಲ್ಲ. ಮೂರು ಸಲಕ್ಕೇ ತೊಡೆ ನಡುಗುತ್ತಿತ್ತು. ಎರಡು ನಿಮಿಷ ಕೂತು ಇನ್ನೊಂದು ಟ್ರಿಪ್ ಹೊಡೆಯುತ್ತಿದ್ದೆ. ಅಷ್ಟೇ ಸಾಕು. ವಾರಕ್ಕೆ ಮೂರು ದಿನ ಮಾಡಿ, ನಡುವೆ ಒಂದೊಂದು ದಿನ ಬಿಡಿ, ಖಂಡಕ್ಕೆ ಸುಧಾರಿಸಿಕೊಳ್ಳಲು ಹೊತ್ತು ಬೇಕು. ಒಂದು ಟ್ರಿಪ್ ಸಲೀಸಾಗಿ ಮುಗಿದರೆ ಮುಂದಿನ ವಾರ ಒಂದು ಊರು ಮುಂದಕ್ಕೆ ಹೋಗಿ.

ನಿಮ್ಮ ಕಾಲು ಎಷ್ಟು ಗಟ್ಟಿ ಅಂತ ನೋಡಲು ಒಂದು ಸುಲಭದ ಪರೀಕ್ಷೆಯೂ ಇದೆ. ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು, ಅಂದರೆ ಸಿರಾ ಮುಟ್ಟಬೇಕು. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕಮ್ಮಿ ಅಂತ ಲೆಕ್ಕ. ನನಗೆ ಮೊದಲ ಸಲ 22 ಸೆಕೆಂಡು ಹಿಡಿಯಿತು. ಮೊಮ್ಮಗಳು ಮೊಬೈಲಿನಲ್ಲಿ ಟೈಮ್ ನೋಡಿ 'ಲೇಟ್ ಬಸ್' ಅಂದಳು.

ಕುರ್ಚಿಯ ಜೊತೆಗೆ ಇನ್ನೆರಡು ಸೇರಿಸಿಕೊಳ್ಳಿ. ಅಡುಗೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತುವುದು, ಇಳಿಸುವುದು. ಗೋಡೆಗೆ ಅಂಗೈ ಊರಿ, ಒಂದು ಮೊಳ ದೂರ ನಿಂತು, ಮೊಣಕೈ ಮಡಚಿ ಗೋಡೆ ಕಡೆ ಬಾಗಿ ಮತ್ತೆ ತಳ್ಳಿ ನೆಟ್ಟಗಾಗುವುದು. ಸಮತೋಲನಕ್ಕೆ ಅಂತ ಗೋಡೆ ಪಕ್ಕ ಒಂದು ಪಾದದ ಮುಂದೆ ಇನ್ನೊಂದು ಪಾದ ಅಂಟಿಸಿ ನಡೆಯುವುದನ್ನೂ ನಾನು ಮಾಡುತ್ತೇನೆ. ಓಡುವ ಬಸ್ಸಿನಲ್ಲಿ ನಿಂತವನಿಗೆ ಇದು ಏನು ಮಹಾ ಅಂದುಕೊಂಡಿದ್ದೆ, ಮೂರನೇ ಹೆಜ್ಜೆಗೇ ಗೋಡೆ ಹಿಡಿದೆ.

ಇಷ್ಟು ಒಂದು ತಿಂಗಳು ಮಾಡಿದ ಮೇಲೆ ಹೊರಗೆ ಹೊರಡಿ. ನಾನು ಹೋಗುವುದು ಕುಂದುವಾಡ ಕೆರೆ. ಏರಿಯ ಮೇಲೆ ಗಾಳಿ ಇರುತ್ತದೆ, ವಾಹನದ ಕಾಟ ಇಲ್ಲ. ನಿಮಗೆ ಹತ್ತಿರ ಇದ್ದರೆ ಹೈಸ್ಕೂಲ್ ಮೈದಾನವೂ ಆದೀತು, ಮನೆ ಮುಂದಿನ ರಸ್ತೆಯೂ ಆದೀತು. ಎಲ್ಲಿ ಅನ್ನುವುದಕ್ಕಿಂತ ಎಷ್ಟು ಅನ್ನುವುದು ಮುಖ್ಯ. ವಾರಕ್ಕೆ ಒಟ್ಟು 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಆಗಲಿ, ಇಲ್ಲವಾದರೆ ನಿಮ್ಮ ಹೃದಯ ಮತ್ತು ಮೈ ತಾಳುವಷ್ಟು ಆಗಲಿ ಅಂತ ಕಿಡ್ನಿ ತಜ್ಞರ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ಎರಡನೇ ಮಾತನ್ನು ಯಾರೂ ಓದುವುದಿಲ್ಲ. 150 ಅನ್ನುವುದು ಕೊನೇ ಸ್ಟಾಪು. ಮೊದಲ ದಿನವೇ ಅಲ್ಲಿ ಇಳಿಯಬೇಕಿಲ್ಲ. ನಾನು ಐದು ನಿಮಿಷದಿಂದ ಶುರು ಮಾಡಿದೆ, ಬೆಳಿಗ್ಗೆ ಐದು, ಸಂಜೆ ಐದು. ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ ಹೋದೆ. ಅರ್ಧ ಗಂಟೆ ಮುಟ್ಟಲು ನಾಲ್ಕು ತಿಂಗಳು ಬೇಕಾಯಿತು.

ವೇಗ ಎಷ್ಟಿರಬೇಕು? ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು. ನಾಡಿ ಹಿಡಿದು ಲೆಕ್ಕ ಹಾಕುವವರೂ ಇದ್ದಾರೆ, ಕೈಗಡಿಯಾರವೇ ಹೇಳುತ್ತದೆ ಅನ್ನುವವರೂ ಇದ್ದಾರೆ. ಆದರೆ ಬಿಪಿಗೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರಿಗೆ ಆ ಲೆಕ್ಕ ನಂಬುವ ಹಾಗಿಲ್ಲ. ಆ ಮಾತ್ರೆಗಳು ಹೃದಯದ ಬಡಿತವನ್ನೇ ಕಟ್ಟಿ ಹಾಕಿರುತ್ತವೆ, ನೀವು ಎಷ್ಟೇ ದಣಿದರೂ ನಂಬರು ಏರಬೇಕಾದಷ್ಟು ಏರುವುದಿಲ್ಲ. ನಿಮ್ಮ ಉಸಿರನ್ನೇ ನಂಬಿ.

ಈಗ ಎಳನೀರಿನ ಕಥೆ. ವಾಕಿಂಗ್ ಮುಗಿಸಿ ಬರುವಾಗ ರಸ್ತೆ ಬದಿಯಲ್ಲಿ ಎಳನೀರು ಗಾಡಿ ನಿಂತಿರುತ್ತಿತ್ತು. ದಿನಾ ಒಂದು ಕುಡಿದೆ. ಆರೋಗ್ಯಕ್ಕೆ ಒಳ್ಳೆಯದಲ್ವಾ ಅಂತ. ಅಪರೂಪಕ್ಕೆ ಜೊತೆಗೊಂದು ಬಾಳೆಹಣ್ಣು. ಎರಡು ತಿಂಗಳಾದ ಮೇಲೆ ರಕ್ತ ಕೊಟ್ಟರೆ ಪೊಟ್ಯಾಸಿಯಂ 5.8 ಬಂತು. 5ರ ಒಳಗೆ ಇರಬೇಕಾದದ್ದು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅವರಿಗೆ ಸಿಟ್ಟು ಬಂದಾಗ ಹಾಗೆ ಮಾಡುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ನಮ್ಮದು ಹಾಕುವುದಿಲ್ಲ. ಒಳಗೆ ಸೇರಿಕೊಂಡು ಕೈಕಾಲು ಸೋಲುತ್ತದೆ, ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಾಳೆಹಣ್ಣಿನಲ್ಲೂ ಅದೇ, ಕಿತ್ತಳೆ ರಸದಲ್ಲೂ ಅದೇ. ಬಿಪಿಗೆ ಒಳ್ಳೆಯದು ಅಂತ ಮಾರುವ ಕಮ್ಮಿ ಸೋಡಿಯಂ ಉಪ್ಪಿಗೆ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ, ಪ್ಯಾಕೆಟ್ ತಿರುಗಿಸಿ ಓದಿ. ಕಿಡ್ನಿ ತೊಂದರೆ ಇದ್ದವರೆಲ್ಲ ಎಳನೀರು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮ ರಿಪೋರ್ಟ್ ನೋಡಿ, ಡಾಕ್ಟರನ್ನು ಕೇಳಿ ಕುಡಿಯಿರಿ. ನಾನಂತೂ ಈಗ ಆ ಗಾಡಿ ಬಂದರೆ ರಸ್ತೆ ದಾಟುತ್ತೇನೆ.

ಮಂಡಕ್ಕಿ ಮಿರ್ಚಿ ಬಗ್ಗೆ ದಾವಣಗೆರೆಯವರಿಗೆ ಏನು ಹೇಳಲಿ! ಸಂಜೆ ವಾಕಿಂಗ್ ಮುಗಿಸಿ ಗುಂಪು ನೇರ ಅಲ್ಲಿಗೇ ಹೋಗುತ್ತದೆ. ಆ ಉಪ್ಪಿಗೆ ಬಿಪಿ ಏರುತ್ತದೆ, ಬಾಯಾರಿಕೆ ಆಗುತ್ತದೆ, ಕಾಲು ಊದುತ್ತದೆ. ನಾನು ಬೆಳಿಗ್ಗೆ ಹೊತ್ತಿಗೆ ವಾಕಿಂಗ್ ಬದಲಿಸಿಕೊಂಡದ್ದು ಅರ್ಧ ಬಿಸಿಲಿಗೆ, ಅರ್ಧ ಈ ಗುಂಪಿಗೆ ಹೆದರಿ.

ಬಿಸಿಲಿನ ಮಾತು ಬಂತಲ್ಲ. ಯುಗಾದಿ ಕಳೆದ ಮೇಲೆ ನಮ್ಮ ಊರು ಹೆಂಚು. ಬೆಳಿಗ್ಗೆ 7 ಗಂಟೆಯೊಳಗೆ ಮುಗಿಸಿಬಿಡಿ. ಮೈಯಲ್ಲಿ ನೀರು ಒಣಗಿದರೆ ಇರುವ ಕಿಡ್ನಿಗೂ ಪೆಟ್ಟು. ನೀರಿಗೆ ಮಿತಿ ಹಾಕಿಲ್ಲದವರು ಬಾಟಲಿ ಒಯ್ಯಿರಿ. ಮಿತಿ ಇರುವವರು ದಿನದ ಪಾಲಿನಿಂದಲೇ ಒಂದು ಲೋಟ ತೆಗೆದಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ವಾಂತಿ, ಭೇದಿ ಆದ ದಿನ ವ್ಯಾಯಾಮ ಬೇಡವೇ ಬೇಡ. ಅಂಥ ದಿನ ಕೆಲವು ಬಿಪಿ, ಶುಗರ್ ಮಾತ್ರೆಗಳನ್ನೂ ನಿಲ್ಲಿಸಬೇಕಾಗಬಹುದು, ಫೋನ್ ಮಾಡಿ ಕೇಳಿ.

ಶುಗರ್ ಇರುವವರು ಇದನ್ನು ಎರಡು ಸಲ ಓದಿ. ಇನ್ಸುಲಿನ್ ಮೈಯಿಂದ ಹೊರಗೆ ಹೋಗುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಕಿಡ್ನಿ ಸೋತರೆ ಇನ್ಸುಲಿನ್ ಜಾಸ್ತಿ ಹೊತ್ತು ಒಳಗೇ ಕೆಲಸ ಮಾಡುತ್ತದೆ. ಅದರ ಮೇಲೆ ನಡೆದರೆ ಶುಗರ್ ತಟ್ಟನೆ ಇಳಿಯುತ್ತದೆ. ಗ್ಲಿಮೆಪಿರೈಡ್ ಥರದ ಮಾತ್ರೆಯಲ್ಲೂ ಈ ಅಪಾಯ ಇದೆ. ಇಂಥ ಔಷಧಿ ತಗೊಳ್ಳುವವರು ಹೊರಡುವ ಮುಂಚೆ ಬೆರಳು ಚುಚ್ಚಿ ಶುಗರ್ ನೋಡಿ, 100ಕ್ಕಿಂತ ಕಮ್ಮಿ ಇದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಬೆವರು, ನಡುಕ, ತಲೆ ಹಗುರ ಆದರೆ ಅಲ್ಲೇ ಕೂತು ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. ಹಣ್ಣಿನ ರಸ, ಬಾಳೆಹಣ್ಣು ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಎರಡನೇ ಸಲ ಎಡವಿದ್ದು ಚಿತ್ರದುರ್ಗದಲ್ಲಿ. ರಜೆಗೆ ಬಂದ ಮೊಮ್ಮಕ್ಕಳಿಗೆ ಕೋಟೆ ತೋರಿಸಲು ಹೋದೆವು. ಒನಕೆ ಓಬವ್ವನ ಕಿಂಡಿ ನೋಡಿ ಬಂದು ಕೂತಿದ್ದರೆ ಆಗುತ್ತಿತ್ತು. 'ಅಜ್ಜ, ಆಗಲ್ವಾ?' ಅಂತ ಮೊಮ್ಮಗ ಕೇಳಿದ. ಅಷ್ಟೇ, ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ರಾತ್ರಿ ತಂಗಿ ಮನೆಯಲ್ಲಿ ಮಟನ್ ಊಟ. ಮಾರನೇ ದಿನ ಬೆಳಿಗ್ಗೆ ಮೊದಲೇ ಗೊತ್ತು ಮಾಡಿದ್ದ ರಕ್ತ ಪರೀಕ್ಷೆ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ, 2.3 ಇದ್ದದ್ದು 2.7 ಆಗಿತ್ತು. ವ್ಯಾಯಾಮದಿಂದಲೇ ಕಿಡ್ನಿ ಹೋಯಿತು ಅಂತ ಹೆದರಿ ಒಂದು ವಾರ ಜಗುಲಿ ಬಿಟ್ಟು ಇಳಿಯಲಿಲ್ಲ. ಆಮೇಲೆ ಡಾಕ್ಟರು ವಿವರಿಸಿದರು. ಕ್ರಿಯಾಟಿನಿನ್ ಬರುವುದೇ ಮಾಂಸಖಂಡದಿಂದ. ಮೈ ಮುರಿಯುವ ಹಾಗೆ ದಣಿದರೆ, ಬೇಯಿಸಿದ ಮಾಂಸ ಜಾಸ್ತಿ ತಿಂದರೆ ಒಂದೆರಡು ದಿನ ಅಂಕಿ ಏರಿ ಕಾಣುತ್ತದೆ. ಉಚ್ಚೆಯಲ್ಲಿ ಪ್ರೋಟೀನೂ ಜಾಸ್ತಿ ಕಾಣಬಹುದು. ಮತ್ತೆ ಪರೀಕ್ಷೆ ಮಾಡಿಸಿದಾಗ 2.3. ರಕ್ತ ಕೊಡುವ ಹಿಂದಿನ ಎರಡು ದಿನ ದಿನನಿತ್ಯದ ನಡಿಗೆ ಸಾಕು, ಕೋಟೆ ಹತ್ತಬೇಡಿ.

ಶುರುವಿನಲ್ಲಿ ತೊಡೆ, ಮೀನಖಂಡ ನೋಯುತ್ತದೆ. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ದಯವಿಟ್ಟು ಮೆಡಿಕಲ್ ಶಾಪಿಗೆ ಹೋಗಿ 'ನೋವಿನ ಮಾತ್ರೆ ಕೊಡಿ' ಅನ್ನಬೇಡಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇವು ಕಿಡ್ನಿಗೆ ಹೋಗುವ ರಕ್ತವನ್ನೇ ಕಮ್ಮಿ ಮಾಡುತ್ತವೆ. ನೋವು ತಡೆಯಲು ಆಗದಿದ್ದರೆ ಪ್ಯಾರಾಸಿಟಮಾಲ್ ಎಷ್ಟು ತಗೊಳ್ಳಬಹುದು ಅಂತ ಡಾಕ್ಟರನ್ನೇ ಕೇಳಿ. ಜಿಮ್ ಹುಡುಗರು ಕುಡಿಯುವ ಪ್ರೋಟೀನ್ ಪುಡಿಯನ್ನು ಮಗ ಪ್ರೀತಿಯಿಂದ ತಂದುಕೊಟ್ಟರೂ ಡಾಕ್ಟರಿಗೆ ತೋರಿಸದೆ ಡಬ್ಬಿ ತೆರೆಯಬೇಡಿ.

'ಹೋಲ್ಡಾನ್' ಯಾವಾಗ ಅನ್ನುವುದು ಕಂಡಕ್ಟರಿಗೆ ಬಿಟ್ಟ ವಿಷಯ, ಡ್ರೈವರ್ ಕೇಳಲೇಬೇಕು. ಎದೆಯಲ್ಲಿ ನೋವು, ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು ಬಂದರೆ ಹೋಲ್ಡಾನ್, ನೇರ ಆಸ್ಪತ್ರೆಗೆ. ಬಡಿತ ತಪ್ಪಿದ ಹಾಗೆ ಆದರೆ, ಇದ್ದಕ್ಕಿದ್ದ ಹಾಗೆ ಕಾಲಲ್ಲಿ ಬಲವೇ ಇಲ್ಲದಂತಾದರೆ ಹಾಗೇ. ಕೂತಲ್ಲೇ ಉಸಿರು ಹತ್ತಿದರೆ, ಕಾಲು ಮುಖ ಹೊಸದಾಗಿ ಊದಿದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಅವತ್ತು ಬಸ್ಸು ಡಿಪೋದಲ್ಲೇ ಇರಲಿ, ಡಾಕ್ಟರಿಗೆ ತಿಳಿಸಿ. ಬಿಪಿಯ ಮೇಲಿನ ಅಂಕಿ 180 ಮುಟ್ಟಿದ ದಿನವೂ ಅಷ್ಟೇ. ಜ್ವರ ಇದ್ದರೆ ಬೇಡ. ಇನ್ನೊಂದು, ಬಿಪಿ ಮಾತ್ರೆ ನುಂಗುವವರು ಹಾಸಿಗೆಯಿಂದ ಒಮ್ಮೆಲೇ ಏಳಬಾರದು. ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ನಾಲ್ಕು ಸಲ ಆಡಿಸಿ, ಆಮೇಲೆ ನಿಲ್ಲಿ. ಶುಗರಿನಿಂದ ಪಾದ ಜೋಮು ಹಿಡಿದಿದ್ದರೆ ಶೂ ಹಾಕುವ ಮುಂಚೆ ಒಳಗೆ ಕೈ ಹಾಕಿ ನೋಡಿ. ನನ್ನ ಶೂನಲ್ಲಿ ಒಮ್ಮೆ ಕಡಲೆಕಾಯಿ ಸಿಪ್ಪೆ ಇತ್ತು. ಇಡೀ ಕೆರೆ ಏರಿ ನಡೆದು ಬಂದಿದ್ದೆ, ಗೊತ್ತೇ ಆಗಿರಲಿಲ್ಲ.

ಡಯಾಲಿಸಿಸ್ ಆಗುತ್ತಿರುವವರೂ ವ್ಯಾಯಾಮ ಮಾಡಬಹುದು. ನನ್ನ ಜೊತೆ ಹನ್ನೆರಡು ವರ್ಷ ಗಾಡಿ ಓಡಿಸಿದ ಡ್ರೈವರ್ ಗೆಳೆಯನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವನ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದಾರೆ. ಆಪರೇಷನ್ ಗಾಯ ಮಾಗಿದ ಮೇಲೆ ಡಾಕ್ಟರು ಹೇಳಿದ ದಿನದಿಂದ ಮೆತ್ತನೆ ಚೆಂಡು ಹಿಡಿದು ಹಿಚುಕುತ್ತಿದ್ದ, ರಕ್ತನಾಳ ದಪ್ಪವಾಗಲಿ ಅಂತ. ಆ ಕೈಗೆ ಬಿಪಿ ಪಟ್ಟಿ ಕಟ್ಟಿಸುವುದಿಲ್ಲ, ವಾಚ್ ಹಾಕುವುದಿಲ್ಲ, ಮೊಣಕೈಗೆ ತರಕಾರಿ ಚೀಲ ನೇತುಹಾಕುವುದಿಲ್ಲ. ದಿನಾ ಬೆಳಿಗ್ಗೆ ಅದರ ಮೇಲೆ ಬೆರಳಿಟ್ಟು ನೋಡುತ್ತಾನೆ. ಜುಂ ಅಂತ ಅದುರುತ್ತಿರಬೇಕು, ಇಂಜಿನ್ ಆನ್ ಇದ್ದ ಹಾಗೆ. ಅದುರು ನಿಂತರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಡಯಾಲಿಸಿಸ್ ಮುಗಿದ ಕೂಡಲೇ ಬಿಪಿ ಇಳಿದಿರುತ್ತದೆ, ಆಗ ವ್ಯಾಯಾಮ ಬೇಡ. ಬಿಡುವಿನ ದಿನ ನಡೆಯಬಹುದು. ಮೆಷಿನ್ ಹಾಕಿರುವಾಗಲೇ ಪೆಡಲ್ ತುಳಿಸಿ ಕಾಲಿನ ವ್ಯಾಯಾಮ ಮಾಡಿಸುವ ಕಡೆಗಳೂ ಇವೆ. ಅದನ್ನು ಮೊದಲ ಎರಡು ಗಂಟೆಯೊಳಗೆ ಮಾಡಬೇಕು, ಆಮೇಲೆ ನೀರು ಜಾಸ್ತಿ ತೆಗೆದು ಬಿಪಿ ಬೀಳುವ ಸಂಭವ ಇರುತ್ತದೆ. ಅಲ್ಲಿನ ಡಾಕ್ಟರು, ಸಿಸ್ಟರ್ ಒಪ್ಪಿದರೆ ಮಾತ್ರ. ತೊಡೆಸಂದಿಯಲ್ಲಿ ಕೊಳವೆ ಹಾಕಿದವರು ಆ ಕಾಲು ಮಡಚಬಾರದು.

ನನ್ನ ಡ್ರೈವರ್ ಗೆಳೆಯನಿಗೆ ಆ ಪೆಡಲ್ ಇಲ್ಲ. ಮಲಗಿದಲ್ಲೇ ಪಾದವನ್ನು ಮುಂದಕ್ಕೆ ಒತ್ತುತ್ತಾನೆ, ಹಿಂದಕ್ಕೆ ಎಳೆಯುತ್ತಾನೆ. 'ಆಕ್ಸಿಲರೇಟರ್, ಬ್ರೇಕ್' ಅಂತ ಸಿಸ್ಟರ್‌ಗೆ ಹೇಳಿ ನಗಿಸುತ್ತಾನಂತೆ. ಭಾನುವಾರ ಅವನ ಮನೆಗೆ ಹೋಗಿದ್ದೆ. ಕುರ್ಚಿ ಗೋಡೆಗೆ ಒತ್ತಿಸಿಟ್ಟು ಎದುರಿಗೆ ನಿಂತೆ. ಎರಡು ಸಲ ಎದ್ದ. ಮೂರನೇ ಸಲ ಅರ್ಧಕ್ಕೆ ಏಳುತ್ತಾ 'ಭರಮಸಾಗರದಲ್ಲಿ ಟೀಗೆ ನಿಲ್ಲಿಸೋಣ ಕಣೋ' ಅಂದು ಕೂತುಬಿಟ್ಟ. ನನ್ನ ಗಾಡಿ ಈಗ ನೆಲಮಂಗಲದ ಹತ್ತಿರ ಇದೆ. ಬುಧವಾರ ಮತ್ತೆ ಹೋಗುತ್ತೇನೆ, ಅವನನ್ನು ದುರ್ಗ ದಾಟಿಸಬೇಕು.